ಅಪ್ಪಾಜಿ ಬರೆಸಿದ ಕೊನೇ ಪುಟ

ರುದ್ರೇಶ,

ಫಸ್ಟ್ ಶಿಫ್ಟ್ ಬಸ್ಸು ಮಾಗಡಿ ರೋಡಿಗೆ ಬರೋ ಹೊತ್ತಾಯ್ತು, ಹೊರಟೆ. ನಿನಗೆ ಈಗಷ್ಟೇ ನಿದ್ದೆ ಹತ್ತಿತ್ತು, ಎಬ್ಬಿಸಲಿಲ್ಲ. ಉಪ್ಪಿಟ್ಟು ಮುಚ್ಚಿಟ್ಟಿದೀನಿ.

ಅಪ್ಪಾಜಿ ತಮ್ಮ ಜೀವನದ ಬಗ್ಗೆ ಹೇಳಿ ಬರೆಸಿದ್ದೆಲ್ಲ ಇರೋ ಫ್ಲಾಪಿ ರೇಡಿಯೋ ಮೇಲಿದೆ. ಭಾನುವಾರ ಅವರ ಶಿವಗಣಾರಾಧನೆಗೆ ಬರೋರಿಗೆ ಒಂದೊಂದು ಪ್ರತಿ ಕೊಡಬೇಕು. ನಿನ್ನ ಶಿಫ್ಟಿನಲ್ಲಿ ಅಲ್ಲಿನ ಕಂಪ್ಯೂಟರಿಂದ ಪ್ರಿಂಟ್ ತೆಗಿ. ಇಂಗ್ಲಿಷ್ ಅಕ್ಷರದ ಕನ್ನಡ ಆದ್ರೂ ಓದ್ಕೋತಾರೆ.

ಈ ಸಲ ಮೊದಲು ಖಾಲಿ ಡೈರೆಕ್ಟರಿ ಮಾಡ್ಕೊ. ಫೈಲನ್ನ ಅಲ್ಲಿಗೆ ಕಾಪಿ ಮಾಡಿ, ಕುಗ್ಗಿಸಿದ್ದನ್ನ ಹಿಗ್ಗಿಸೋಕೆ ಅನ್‌ಕಂಪ್ರೆಸ್ ಕೊಡು, ಆಮೇಲೆ ಟಾರ್ ಕೊಟ್ಟು ಪುಟಗಳ ಗಂಟು ಬಿಚ್ಚು. ಹೋದ ವಾರ ನೀನು, ನಾನು ಟೈಪ್ ಮಾಡಿಟ್ಟಿದ್ದ ಜಾಗದಲ್ಲೇ ಹಳೇ ಗಂಟು ಬಿಚ್ಚಿದೆ. ಅದೇ ಹೆಸರಿನ ಹಳೇ ಪುಟ ಬಂದು ಹೊಸದನ್ನ ಅಳಿಸಿಹಾಕ್ತು. ಕಂಪ್ಯೂಟರ್ ಯಾರನ್ನೂ ಕೇಳಲ್ಲ ಕಣೋ. ನೀನಾದ್ರೂ ನನ್ನ ಕೇಳಬಾರದಿತ್ತಾ?

ಹಾಗೆ ಹೋಗಿದ್ದು ಅವರು ಆಸ್ಪತ್ರೆ ಸೇರೋ ಹಿಂದಿನ ದಿನ ಬರೆಸಿದ ಪುಟ. ಅವ್ವಂಗೆ ನಾನು ಹೇಳಿಲ್ಲ. ನೀನೂ ಹೇಳಬೇಡ.

ಆವತ್ತಿಂದ ನೀನು ತಟ್ಟೆ ಮುಂದೆ ಸುಮ್ಮನೆ ಕೂತು ಎದ್ದು ಹೋಗೋದನ್ನ ನೋಡಕ್ಕಾಗ್ತಿಲ್ಲ. ಆ ಪುಟ ನನಗೆ ನೆನಪಿದ್ದಷ್ಟು ಕೈಯಲ್ಲಿ ಬರೆದು ಫ್ಲಾಪಿ ಕವರಿನೊಳಗೆ ಇಟ್ಟಿದೀನಿ. ಅದನ್ನ ಪ್ರಿಂಟಿಗೆ ಸೇರಿಸಬೇಡ, ಒಬ್ಬನೇ ಇದ್ದಾಗ ಓದ್ಕೊ.

ಅದು ಪೂರ್ತಿ ನಿನ್ನ ವಿಷಯ.

ಅಕ್ಕ