ಈರುಳ್ಳಿ ಹೆಚ್ಚುವಷ್ಟು ಹೊತ್ತು

ಮಾರ್ಚ್ 3, ಸೋಮವಾರ. ಬೆಳಿಗ್ಗೆ 6.20

‘ಮನಸ್ಸು ಮರೆತದ್ದನ್ನು ಮೈ ನೆನೆಯುತ್ತದೆ...’ ಯಾರ ಸಾಲು? ಮುಂದೇನಿತ್ತು? ಅದಿರಲಿ, ನಿಜವೇ ಅದು? ನಿನ್ನೆಯ ಈರುಳ್ಳಿಯನ್ನು ನನ್ನ ಮನಸ್ಸೂ ಮರೆತಿಲ್ಲ, ಹೊಟ್ಟೆಯೂ ಮರೆತಿಲ್ಲ. ಎರಡೂ ಸೇರಿಕೊಂಡು ನೆನೆಯುತ್ತಿವೆ. ಬಿಸಿನೀರು ಎರಡು ಲೋಟ ಆಯಿತು. ಹೊಟ್ಟೆ ಡೋಲಿನ ಹಾಗೆ ಬಿಗಿದಿದೆ.

ಶನಿವಾರ ಲೈಬ್ರರಿಯಲ್ಲಿ ಮಾನ ಹೋಯಿತು. ‘ದಯವಿಟ್ಟು ಮೌನ’ ಎಂಬ ಬೋರ್ಡಿನ ಕೆಳಗೇ ಲೈಬ್ರೇರಿಯನ್ ಮೇಜು, ನನ್ನದು. ಮೂವತ್ತು ಜನ ಓದುತ್ತಿದ್ದಾರೆ, ನನ್ನ ಹೊಟ್ಟೆಯೊಂದೇ ಮಾತಾಡುತ್ತಿದೆ. ದಿನಾ ಪೇಪರ್ ಓದಲು ಬರುವ ತಾತ ತಲೆಯೆತ್ತಿ ಬೋರ್ಡು ನೋಡಿದರು. ಆಮೇಲೆ ನನ್ನನ್ನು.

ಇವತ್ತಿನಿಂದ ಆರು ವಾರ ಈರುಳ್ಳಿ, ಬೆಳ್ಳುಳ್ಳಿ ಬಂದ್. ಡಯಟಿಷಿಯನ್ ಹುಡುಗಿಯ ಅಪ್ಪಣೆ. ಆಮೇಲೆ ಒಂದೊಂದಾಗಿ ತಿಂದು ನೋಡಬೇಕಂತೆ. ಎರಡೂ ಆಗದಿದ್ದರೆ ಕಾಯಂ ಬಿಡಬೇಕಂತೆ. ತಿಂದದ್ದನ್ನು ಬರೆಯಲು ಅವಳ ಚಾರ್ಟ್ ಬೇರೆ ಇದೆ. ಇದು ಚಾರ್ಟಿಗೆ ಹೋಗದ್ದು.

ಮಾರ್ಚ್ 5

ಇವರು ಕನ್ನಡಕದ ಅಂಗಡಿ ಮುಚ್ಚಿ ಬರುವುದು ಆರೂವರೆಗೆ. ಹಗಲೆಲ್ಲ ಗಿರಾಕಿಗಳ ಮೂಗಿನ ಮುಂದೆಯೇ ಕೆಲಸ. ಹಾಗಾಗಿ ಮಧ್ಯಾಹ್ನ ಈರುಳ್ಳಿ ಮುಟ್ಟುವುದಿಲ್ಲ. ಆ ಆಸೆಯೆಲ್ಲ ಸಂಜೆಗೆ. ಸಂಜೆಯ ಅಡುಗೆ ಇವರದು — ನಾಲ್ಕು ಈರುಳ್ಳಿ, ಕೂದಲೆಳೆಯಷ್ಟು ಸಣ್ಣಗೆ. ಪಕ್ಕದ ಸ್ಟೂಲಿನ ಮೇಲೆ ಕೂತು ನಾನು ಪದ್ಯ ಓದುವುದು, ಗಟ್ಟಿಯಾಗಿ. ಒಂದು ಈರುಳ್ಳಿಗೆ ಒಂದು ಪದ್ಯ, ಒಟ್ಟು ಮುಕ್ಕಾಲು ಗಂಟೆ. ಇಪ್ಪತ್ತೆರಡು ವರ್ಷವಾಯಿತು. ಇವರ ಕಣ್ಣಲ್ಲಿ ನೀರು ಬಂದಾಗ ಯಾವುದಕ್ಕೆ ಅಂತ ನಾನು ಕೇಳಿದ್ದಿಲ್ಲ.

ಇವತ್ತು ಆಲೂಗಡ್ಡೆ. ಮೂರು ನಿಮಿಷಕ್ಕೆ ಹೆಚ್ಚಿ ಮುಗಿಯಿತು. ಪುಸ್ತಕ ತೆರೆದು ಮುಚ್ಚಿದೆ.

“ನಾನೂ ಬಿಟ್ಟೆ” ಅಂದರು.

“ನೀವ್ಯಾಕೆ ಬಿಡ್ಬೇಕು?”

“ಎರಡೆರಡು ಬಾಣಲೆ ಇಡೋಕೆ ನಾವೇನು ಬೇರೆ ಸಂಸಾರ ಹೂಡಿದ್ದೀವಾ?”

ಮಾರ್ಚ್ 13

ಹೊಟ್ಟೆ ಹಗುರ. ನಿದ್ದೆ ಚೆನ್ನಾಗಿದೆ. ಸೀರೆ ಬಿಗಿಯುವುದಿಲ್ಲ. ಪೇಪರ್ ತಾತ ಮೇಜಿನ ಹತ್ತಿರ ಬಂದು ಪಿಸುಗುಟ್ಟಿದರು: “ಏನಮ್ಮ, ಹೊಟ್ಟೆಗೂ ಮನಸ್ಸಲ್ಲೇ ಓದ್ಕೊಳ್ಳೋದು ಕಲಿಸಿಬಿಟ್ರಾ?”

ನಕ್ಕೆ. ಬೋರ್ಡಿನ ಕೆಳಗೇ.

ಸಂಜೆ ಮಾತ್ರ... ಏಳೂಕಾಲಿಗೆಲ್ಲ ಊಟ ಮುಗಿದಿರುತ್ತದೆ. ಸುಮ್ಮನೆ ಕೂರಿಸಿ ಓದಿದರೆ ಎರಡನೇ ಸಾಲಿಗೇ ಇವರಿಗೆ ನಿದ್ದೆ. ಕೈಗೆ ಕೆಲಸವಿದ್ದರಷ್ಟೇ ಕಿವಿ ಎಚ್ಚರ.

ಪಕ್ಕದ ಮನೆ ಟೈಲರಮ್ಮನ ಕಿಟಕಿಗೂ ನಮ್ಮ ಅಡುಗೆಮನೆಗೂ ಮೂರೇ ಅಡಿ. ಮುಖ ಸಿಂಡರಿಸಿಕೊಂಡೇ ಓಡಾಡುವ ಹೆಂಗಸು. ನಮ್ಮ ಈರುಳ್ಳಿ ವಾಸನೆಗೇ ಅಂದುಕೊಂಡಿದ್ದೆ. ಈಗ ವಾಸನೆಯಿಲ್ಲ, ಆದರೂ ಸಂಜೆಯಾದರೆ ಕಿಟಕಿ ಮುಚ್ಚಿರುತ್ತದೆ. ಯಾಕೋ.

ಮಾರ್ಚ್ 29. ಸಂಜೆ

ಕಳ್ಳ ಸಿಕ್ಕಿಬಿದ್ದ.

ಇವರು ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಗೊತ್ತಾಯಿತು. ನಾಲ್ಕು ವಾರದ ಪಥ್ಯಕ್ಕೆ ನನ್ನ ಮೂಗು ಚುರುಕಾಗಿದೆ.

“ಬೆಳ್ಳುಳ್ಳಿ.”

“ಎಲ್ಲಿ?”

“ಉಸಿರು ಬಿಡಿ ನೋಡೋಣ.”

“ಹಲ್ಲುಜ್ಜಿದ್ದೀನಿ, ಏಲಕ್ಕಿ ಅಗಿದಿದ್ದೀನಿ, ಅಂಗಡಿ ನಲ್ಲೀಲಿ ಮೂರು ಸಲ ಬಾಯಿ ಮುಕ್ಕಳಿಸಿದ್ದೀನಿ.” ಅಷ್ಟೂ ಒಪ್ಪಿಕೊಂಡ ಮೇಲೆ ಅಡಗಿಸಲು ಏನು ಉಳಿಯಿತು?

ಡಯಟಿಷಿಯನ್ ಹೇಳಿದ್ದಳು — ಬೆಳ್ಳುಳ್ಳಿಯ ವಾಸನೆ ರಕ್ತಕ್ಕೆ ಸೇರಿ ಶ್ವಾಸಕೋಶದಿಂದ ಹೊರಗೆ ಬರುತ್ತದಂತೆ. ಬಾಯಿ ತೊಳೆದು ಏನು ಬಂತು. ಬಾಯಿ ಮರೆತದ್ದನ್ನು ಉಸಿರು ನೆನೆಯಿತು. ಆ ಸಾಲು ಅಷ್ಟು ಸುಳ್ಳೇನಲ್ಲ.

“ಹೋಟ್ಲಲ್ಲಿ ಯಾಕೆ, ಮನೇಲೇ ತಿನ್ನಿ.”

“ಮನೇಲಿ ಒಬ್ಬನೇ ತಿಂದ್ರೆ ಅದೂ ಹೋಟ್ಲೇ” ಅಂದರು.

ಬೈಯಬೇಕೆಂದಿದ್ದೆ. ಆಗಲಿಲ್ಲ.

ಏಪ್ರಿಲ್ 14

ಪರೀಕ್ಷೆ ಶುರು. ಬೇಯಿಸಿದ ಈರುಳ್ಳಿ, ಅರ್ಧ. ಇವರು ಬೇಕಂತಲೇ ನಿಧಾನವಾಗಿ ಹೆಚ್ಚಿದರು. ಆದರೂ ಅರ್ಧ ಈರುಳ್ಳಿಗೆ ಅರ್ಧ ಪದ್ಯವೇ ಆಯಿತು.

ಏಪ್ರಿಲ್ 15

ಡೋಲು.

ಏಪ್ರಿಲ್ 20

ಬೆಳ್ಳುಳ್ಳಿ, ಎರಡೇ ಎಸಳು. ಬೆಳಗಿನವರೆಗೂ ಮಗ್ಗುಲು ಬದಲಿಸಿದ್ದೇ ಬಂತು. ಇವರಿಗೆ ಹೇಳಿದೆ. ಬಾಣಲೆ ಒರೆಸುತ್ತಲೇ ಇದ್ದರು, ಒಣಗಿದ ಮೇಲೂ.

ಈರುಳ್ಳಿ ಹೋದರೆ ಹೋಗಲಿ. ಆ ಮುಕ್ಕಾಲು ಗಂಟೆಯನ್ನು ಏನು ಮಾಡಲಿ?

ಏಪ್ರಿಲ್ 22

ಡಯಟಿಷಿಯನ್ ಚಾರ್ಟ್ ನೋಡಿ, “ಆಂಟಿ, ಇನ್ನೊಂದು ದಾರಿ ಇದೆ” ಅಂದಳು. ಹೊಟ್ಟೆ ಉಬ್ಬಿಸುವ ಅಂಶ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಇಡೀ ಎಸಳುಗಳನ್ನು ಎಣ್ಣೆಯಲ್ಲಿ ಹುರಿದು ತೆಗೆದುಬಿಡಬೇಕು. ಎಸಳು ಇವರಿಗೆ, ಆ ಎಣ್ಣೆಯ ಅಡುಗೆ ಇಬ್ಬರಿಗೂ. ಸಂಜೆಯೇ ಮಾಡಿದೆವು, ನಾಲ್ಕು ಎಸಳಿನಲ್ಲಿ.

ಏಪ್ರಿಲ್ 23. ಬೆಳಿಗ್ಗೆ 6.10

ಹೊಟ್ಟೆ ತನ್ನ ಪಾಡಿಗೆ ತಾನಿದೆ. ಹತ್ತು ನಿಮಿಷ ಹಾಗೇ ಮಲಗಿ ಕೇಳಿಸಿಕೊಂಡೆ. ಏನೂ ಇಲ್ಲ.

ಏಪ್ರಿಲ್ 24. ಸಂಜೆ 7.10

ಇವರು ಚೀಲ ತುಂಬ ಬೆಳ್ಳುಳ್ಳಿ ತಂದಿದ್ದಾರೆ. ಕಡಲೆಬೀಜದಷ್ಟು ಸಣ್ಣ ಎಸಳು, ಸಿಪ್ಪೆ ಮೈಗೆ ಅಂಟಿಕೊಂಡಿರುವಂಥದ್ದು.

“ಇದನ್ಯಾಕೆ ತಂದ್ರಿ? ದಪ್ಪ ಎಸಳಿಂದು ಸಿಗ್ಲಿಲ್ವಾ?”

“ಸಿಕ್ತು. ಅದು ಐದು ನಿಮಿಷಕ್ಕೆ ಸುಲಿದು ಮುಗಿದುಹೋಗುತ್ತೆ.” ತಲೆಯೆತ್ತದೆ ಹೇಳಿದರು. “ಇದಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತೆ.”

ಸ್ಟೂಲು ಎಳೆದುಕೊಂಡೆ. ಮೊದಲ ಹಿಡಿ ಎಣ್ಣೆಯಲ್ಲಿ ಬಿದ್ದು ಘಮ್ಮೆನ್ನುತ್ತಿದೆ. ಪುಸ್ತಕ ತೊಡೆಯ ಮೇಲಿದೆ, ಆ ಸಾಲು ಹುಡುಕುತ್ತಿದ್ದೇನೆ. ಈ ಪುಸ್ತಕದಲ್ಲಿ ಇಲ್ಲವೇ ಇಲ್ಲ. ಬೇರೆ ಯಾವುದಾದರೂ ಸಾಕು, ಓದು ಅಂತ ಇವರು —

ಬಾಗಿಲು ಬಡಿದರು. ಟೈಲರಮ್ಮ. ಕೊರಳಲ್ಲಿ ಅಳತೆಯ ಟೇಪು, ಅದೇ ಸಿಂಡರಿಸಿದ ಮುಖ. ವಾಸನೆಗೇ ಬಂದಿದ್ದಾರೆ ಅಂದುಕೊಂಡು ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಹೇಳಿದ್ದನ್ನು ಇಲ್ಲಿ ಬರೆದಿಟ್ಟು ಓದಲು ಶುರುಮಾಡುತ್ತೇನೆ:

“ಬೆಳ್ಳುಳ್ಳಿ ವಾಸನೆ ಬಂದು ಕಾಲು ಗಂಟೆ ಆಯ್ತು. ಮಿಷನ್ ನಿಲ್ಸಿ, ಕಿಟಕಿ ತೆಗೆದು ಕೂತಿದ್ದೀನಿ. ಇನ್ನೂ ಪದ್ಯ ಶುರುವಾಗ್ಲೇ ಇಲ್ವಲ್ಲಮ್ಮ... ಗಂಡ ಹೆಂಡ್ತಿ ಇನ್ನೂ ಮಾತು ಬಿಟ್ಟೇ ಇದ್ದೀರಾ?”