ಬಟ್ಟೆ ತಂತಿಯ ಸೂರಕ್ಕಿ ಗೂಡು

ಹನೂರು ಸೀಮೆ, 8-4-1994

ಮಾಂಬಳ್ಳಿಯ ಅಕ್ಕನಿಗೆ ಶಿವರತ್ನಳ ನಮಸ್ಕಾರ. ಕೆಮ್ಮು ವಾಸಿಯಾಗಿದೆ, ಹೊಸ ಸ್ಕೂಲಿನ ಟೀಚರ್ ಕೆಲಸವೂ ಒಗ್ಗಿದೆ. ಆದರೆ ನಿನ್ನೆಯ ಸಿಟ್ಟು ಇನ್ನೂ ಇಳಿದಿಲ್ಲ.

ಹಿತ್ತಿಲ ದಾಸವಾಳಕ್ಕೆ ಹೆಬ್ಬೆರಳು ಗಾತ್ರದ ಸೂರಕ್ಕಿ ಜೋಡಿಯೊಂದು ಬರುತ್ತಿತ್ತು. ನಾನು ಪಾತ್ರೆ ತೊಳೆಯುತ್ತಿದ್ದರೆ ಮೊಳದಷ್ಟು ಹತ್ತಿರದಲ್ಲೇ ತಲೆಕೆಳಗಾಗಿ ನೇತಾಡಿ, ಬಾಗಿದ ಕೊಕ್ಕಿನಿಂದ ರಸ ಹೀರುತ್ತಿದ್ದವು. ಜೇಡರ ಬಲೆ, ರೇಷ್ಮೆ ಎಳೆ ತಂದು ನನ್ನ ಬಟ್ಟೆ ತಂತಿಗೇ ಗೂಡು ಕಟ್ಟಿದವು. ಹದಿನೈದು ದಿನ ಸೀರೆಯನ್ನು ಬೇಲಿಯ ಮೇಲೆ ಒಣಗಿಸಿದೆ.

ನಿನ್ನೆ ಮನೆ ಮಾಲೀಕರು ಚಿಕ್ಕಮಾದಪ್ಪನವರು ಯುಗಾದಿಗೆಂದು ಧೂಳು ಹೊಡೆಯುತ್ತಾ ಆ ಗೂಡನ್ನೂ ಪೊರಕೆಯಲ್ಲಿ ಬಡಿದು ಬೀಳಿಸಿದರು. ಒಳಗಿದ್ದ ಎರಡೂ ಮೊಟ್ಟೆ ಒಡೆದವು. ಕೇಳಿದರೆ, "ಜ್ಯಾಡ್ರ ಬಲೆ ಅಂದ್ಕಂಡೆ ಕಣವ್ವ. ಅಬ್ಬದೊತ್ನಲ್ಲಿ ಇಷ್ಟೊಂದು ಕ್ವಾಪನಾ?" ಎಂದು ನಕ್ಕರು. ನಕ್ಕರು, ಅಕ್ಕಾ!

ಈ ಊರಿನ ಅಂಚೆ ಮಾಸ್ತರರೂ ಅವರೇ. ಜಗಲಿಯಲ್ಲಿ ಕೂತು, ಮುದ್ರೆ ಒತ್ತುವ ಮೊದಲು ಪ್ರತಿ ಕಾರ್ಡನ್ನೂ ಓದುತ್ತಾರೆ. ಅದಕ್ಕೇ ಕವರ್ ಬಿಟ್ಟು ಕಾರ್ಡಿನಲ್ಲಿ ಬರೆದೆ.

ಚಿಕ್ಕಮಾದಪ್ಪನವರೇ, ಓದಿದಿರಲ್ಲ? ಹೆಣ್ಣು ಹಕ್ಕಿ ಬೆಳಿಗ್ಗೆಯಿಂದ ಮತ್ತೆ ಅದೇ ತಂತಿಗೆ ಎಳೆ ತರುತ್ತಿದೆ. ಪೊರಕೆ ಒಳಗಿಡಿ. ಈಗ ಮುದ್ರೆ ಒತ್ತಿ.