ಸಲ್ಫೇಟಿನ ಎರಡು ಋಣ

ಅಡುಗೆಮನೆ ಮೇಜು,
ಬುಧವಾರ ಸಂಜೆ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಕೆಮ್ಮು ಬಿಟ್ಟಿತಾ? ರೂಮಿನ ಕಿಟಕಿ ಮುಚ್ಚೋಕೆ ಬರಲ್ಲ ಅಂದಿದ್ದೆ, ಒಂದು ರಟ್ಟಾದರೂ ಅಡ್ಡ ಇಟ್ಕೋ. ನಾವು ಚೆನ್ನಾಗಿದ್ದೀವಿ. ಅಂದ್ರೆ ಊಟ ಆಗುತ್ತೆ, ನಿದ್ದೆ ಬರುತ್ತೆ. ಅಮ್ಮ ಹೋದ ಮೇಲೆ ನನಗಿನ್ನೂ ಅಳು ಬಂದಿಲ್ಲ. ಪಕ್ಕದ ಮನೆ ಅಜ್ಜಿ ಈಗ ಅಳ್ತಾಳೆ, ಆಗ ಅಳ್ತಾಳೆ ಅಂತ ನನ್ನ ಮುಖಾನೇ ನೋಡ್ತಾರೆ. ನಾನೂ ಕಾಯ್ತಿದ್ದೀನಿ, ತಡವಾದ ಬಸ್ಸಿಗೆ ಕಾಯೋ ಹಾಗೆ.

ನೀನು ಮನೆ ಬಿಟ್ಟಾಗಿಂದ ಅಪ್ಪ ಮಾತು ಕಮ್ಮಿ ಮಾಡಿದ್ದಾರೆ. ಬೇಕರಿಯಿಂದ ಬರ್ತಾರೆ, ಮೊಣಕೈವರೆಗೆ ಅಂಟಿದ ಹಿಟ್ಟು ತೊಳೀತಾರೆ, ಅಮ್ಮನ ಕುರ್ಚಿ ಬಿಟ್ಟು ಬೇರೇದರಲ್ಲಿ ಕೂರ್ತಾರೆ. "ನೀನು ಬೇಗ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ರೆ ಅವಳು ಉಳೀತಿದ್ಲು" ಅಂತ ನಿನಗೆ ಅಂದ್ರಲ್ಲ, ಆ ಮಾತನ್ನ ಮನೇಲಿ ಮತ್ತೆ ಯಾರೂ ಎತ್ತಿಲ್ಲ.

ಇನ್ನು ನನ್ನ ರಸಾಯನಶಾಸ್ತ್ರ. ನೀನಿದ್ದಿದ್ರೆ ತಲೆಗೆ ಮೊಟಕಿ ಹೇಳಿಕೊಡ್ತಿದ್ದೆ. ಮೈಲುತುತ್ತ, ಅಂದ್ರೆ ತಾಮ್ರದ ಸಲ್ಫೇಟ್, ನೀರಲ್ಲಿ ಕರಗಿದಾಗ ಏನಾಗುತ್ತೆ ಅಂತ ಪರೀಕ್ಷೇಲಿ ಕೇಳಿದ್ರು. ತಾಮ್ರ ಬೇರೆ, ಗಂಧಕ ಬೇರೆ, ನಾಲ್ಕು ಆಕ್ಸಿಜನ್ ಬೇರೆ ಅಂತ ಎಲ್ಲಾನೂ ಬಿಡಿಸಿ ಹರಡಿಬಿಟ್ಟೆ. ಮೇಡಂ ಕೆಂಪು ಗೆರೆ ಎಳೆದು, ತಿದ್ದಿಕೊಂಡು ಬಾ ಅಂದ್ರು. ನಿನ್ನೆ ಇಲ್ಲೇ ಕೂತು ಗೊಣಗ್ತಿದ್ದೆ. ಅಪ್ಪ ಬಂದು ಎದುರಿಗೆ ಕೂತು, ಜೋರಾಗಿ ಓದು, ನಂಗೂ ಕೇಳಲಿ ಅಂದ್ರು. ಇವರಿಗೇನು ತಲೆಗೆ ಹೋಗುತ್ತೆ ಅಂದ್ಕೊಂಡೇ ಓದಿದೆ. ತಾಮ್ರ ಬೇರೆ ಆಗುತ್ತೆ, ಸಲ್ಫೇಟ್ ಮಾತ್ರ ಒಡೆಯಲ್ಲ. ಒಂದು ಗಂಧಕ, ನಾಲ್ಕು ಆಕ್ಸಿಜನ್ ಸೇರಿ ಒಂದೇ ಅಯಾನು, ಅದರ ಮೇಲೆ ಎರಡು ಋಣ ಆವೇಶ. ಹಾಳೆ ಮೇಲೆ ಬರೆದೂ ತೋರಿಸಿದೆ. ಅಪ್ಪ ಅದರ ಮೇಲೆ ಬೆರಳಿಟ್ಟು ಕೇಳಿದ್ರು: "ಈ ಎರಡು ಋಣ ಯಾರದು? ಗಂಧಕದ್ದೋ, ಆಕ್ಸಿಜನ್‌ದೋ?"

ಪುಸ್ತಕದ ಆ ಪುಟ ಇನ್ನೊಂದು ಸಲ ಓದಿದೆ.

"ಯಾರೊಬ್ಬರದೂ ಅಲ್ಲ ಅಪ್ಪಾ. ಇಡೀ ಗುಂಪಿಂದು."

ಹೇಳ್ತಾ ಹೇಳ್ತಾನೇ ನನಗೆ ಅರ್ಥವಾಯ್ತು. ಇಷ್ಟು ದಿನ ಒಂದೊಂದು ಪರಮಾಣುವಿಗೂ ಹಂಚೋಕೆ ಹೋಗಿ ಎಡವಿದ್ದೆ. ಆಮೇಲೆ ನೈಟ್ರೇಟು, ಕಾರ್ಬೊನೇಟು, ಧನ ಆವೇಶದ ಅಮೋನಿಯಂ ಎಲ್ಲಾ ಸಲೀಸಾಗಿ ಬಂದವು. ಖುಷಿ ಆಗಬೇಕಿತ್ತು. ಸರಿ, ಗೊತ್ತಾಯ್ತು ಅನ್ನಿಸಿತು, ಅಷ್ಟೇ. ಅಪ್ಪ ಬಹಳ ಹೊತ್ತು ಆ ಹಾಳೇನೇ ನೋಡ್ತಾ ಕೂತಿದ್ದು, ಎದ್ದು ಹೋಗಿ ನಾನು ತೊಳೀಬೇಕಿದ್ದ ತಟ್ಟೆಗಳನ್ನೆಲ್ಲ ತೊಳೆದಿಟ್ರು.

ಇವತ್ತು ಮೇಡಂ ಸರಿ ಗುರುತು ಹಾಕಿದ್ರು. ಹೊತ್ತು ಹೊತ್ತಿಗೆ ತಿನ್ನು, ಬರೀ ಬ್ರೆಡ್ಡಲ್ಲೇ ಕಾಲ ಹಾಕಬೇಡ. ಅಜ್ಜಿ ನಿನ್ನನ್ನ ಕೇಳಿದ್ರು ಅಂತ ತಿಳಿಸೋಕೆ ಹೇಳಿದ್ದಾರೆ.

ನಿನ್ನ ತಂಗಿ,
ಗೊಣಗಿ

ಲಕೋಟೆ ಅಂಟಿಸೋ ಮುಂಚೆ: ಬೆಳಿಗ್ಗೆ ಅಪ್ಪ ನಿನ್ನ ವಿಳಾಸ ಕೇಳಿದ್ರು, ಕೊಟ್ಟೆ. "ಅವಳ ಎದೆನೋವನ್ನ ಅಜೀರ್ಣ ಅಂದೋನು ನಾನು. ಎಲ್ಲಾನೂ ಅವನ ತಲೆಗೆ ಕಟ್ಟಿದೆ" ಅಂದ್ರು. ಭಾನುವಾರ ನಿನ್ನ ಹತ್ರ ಬರ್ತಾರೆ. ಬಾಗಿಲಲ್ಲಿ ನಿಂತು ಮಾತು ಹೊರಡದಿದ್ರೆ ಕಾಯಿಸಬೇಡ ಅಣ್ಣಾ, ಒಳಗೆ ಕರ್ಕೋ.